ಸೋಲನ್ನು ಬರೆದ ಸೇನಾನಿ

ಖಡ್ಗ ಹಿಡಿದ ಕೈಯೇ ಲೇಖನಿಯನ್ನೂ ಹಿಡಿಯುವುದು ಕನ್ನಡನಾಡಿಗೆ ಹೊಸ ಸಂಗತಿಯೇನಲ್ಲ. ಪಂಪನನ್ನು ನಾವು ಕವಿಯೆಂದೂ ಕಲಿಯೆಂದೂ ಜೊತೆಜೊತೆಯಾಗಿಯೇ ಕೊಂಡಾಡುತ್ತ ಬಂದಿದ್ದೇವೆ. ಗಂಗರ ಸೇನಾಪತಿಯಾಗಿ ಹಲವು ಸಮರಗಳನ್ನು ಗೆದ್ದ ಚಾವುಂಡರಾಯನು 978ರಲ್ಲಿ ಗದ್ಯಗ್ರಂಥವೊಂದನ್ನು ರಚಿಸಿದನು. ಆದರೆ ಆ ಗ್ರಂಥದ ವಸ್ತು ಜೈನರ ಅರುವತ್ತುಮೂವರು ಶಲಾಕಾಪುರುಷರ ಪುಣ್ಯಚರಿತೆಯೇ ಹೊರತು ಗ್ರಂಥಕರ್ತನ ಯುದ್ಧಗಳಲ್ಲ. ಅವು ಅಲ್ಲಿ ಬಿರುದುಗಳ ನೆಪದಲ್ಲಿ ಒಂದಿಷ್ಟು ತಲೆಯೆತ್ತಿ ಮರೆಯಾಗುತ್ತವೆ. ತಾನು ಕಾದಿದ ಯುದ್ಧವನ್ನೇ, ಅದರ ಅನ್ನ, ಬಟ್ಟೆ, ಗುಂಡು, ಚಳಿ, ಆಜ್ಞೆ, ಪ್ರಮಾದಗಳ ಸಮೇತ, ಯೋಧನೇ ಕುಳಿತು ಬರೆಯುವ ಪದ್ಧತಿ ನಮ್ಮಲ್ಲಿ ಈಚಿನದು. ಅದರಲ್ಲಿಯೂ ಗೆದ್ದದ್ದನ್ನಲ್ಲದೆ ಸೋತದ್ದನ್ನು ಬರೆಯಲೊಪ್ಪುವವರು ಯಾವ ದೇಶದಲ್ಲಿಯೂ ವಿರಳ. ಆ ವಿರಳರಲ್ಲೊಬ್ಬರು ಬ್ರಿಗೇಡಿಯರ್ ಜಾನ್ ಪರಶುರಾಮ ದಳವಿ. 1962ರ ಭಾರತ-ಚೀನಾ ಯುದ್ಧದ ಮೊದಲ ದೊಡ್ಡ ಪೆಟ್ಟನ್ನು ತಿಂದ ಬ್ರಿಗೇಡಿನ ನಾಯಕರಾಗಿದ್ದ ಅವರು 1969ರಲ್ಲಿ ಪ್ರಕಟಿಸಿದ ‘ಹಿಮಾಲಯನ್ ಬ್ಲಂಡರ್’ ಎಂಬ ಇಂಗ್ಲಿಷ್ ಗ್ರಂಥವು ರವಿ ಬೆಳಗೆರೆಯವರ ಅನುವಾದದ ಮೂಲಕ ಕನ್ನಡಕ್ಕೂ ಬಂದು, ಸೈನ್ಯದ ವಿಷಯವನ್ನು ಎಂದೂ ಕೈಗೆತ್ತಿಕೊಳ್ಳದವರನ್ನೂ ತನ್ನ ಓದುಗರನ್ನಾಗಿ ಮಾಡಿಕೊಂಡಿದೆ.

ದಳವಿಯವರು 1920ರಲ್ಲಿ ಇರಾಕಿನ ಬಸ್ರಾದಲ್ಲಿ ಹುಟ್ಟಿದವರು. ತಂದೆಯವರಿಗೆ ಅಲ್ಲಿ ಬ್ರಿಟಿಷ್ ಆಡಳಿತದಲ್ಲಿ ನೌಕರಿ. ಮುಂಬಯಿಯ ಸಂತ ಜೇವಿಯರ್ ಕಾಲೇಜಿನಲ್ಲಿ ಓದುತ್ತಿದ್ದಾಗ ಎರಡನೆಯ ಮಹಾಯುದ್ಧವು ಹೊತ್ತಿಕೊಂಡಿತು. ವಿದ್ಯಾಭ್ಯಾಸವನ್ನು ಅಷ್ಟಕ್ಕೇ ಬಿಟ್ಟು ಡೆಹರಾಡೂನಿನ ಸೈನಿಕ ಅಕಾಡೆಮಿಯನ್ನು ಸೇರಿ, ಬಲೂಚ್ ರೆಜಿಮೆಂಟಿನ ಅಧಿಕಾರಿಯಾಗಿ ಬರ್ಮಾದ ಕಾಡುಗಳಲ್ಲಿ ಜಪಾನೀಯರೊಡನೆ ಕಾದಿದರು. ದೇಶವಿಭಜನೆಯಲ್ಲಿ ಆ ರೆಜಿಮೆಂಟು ಪಾಕಿಸ್ತಾನದ ಪಾಲಾಯಿತು. ದಳವಿಯವರು ಭಾರತದಲ್ಲುಳಿದು, ಮುಂದೆ ಗಾರ್ಡ್ಸ್ ದಳದ ಬೆಟಾಲಿಯನ್ನೊಂದರ ನಾಯಕರಾದರು. ಅನಂತರ ಲಡಾಖಿನ ರಕ್ಷಣೆಯ ಹೊಣೆ ಹೊತ್ತಿದ್ದ 15ನೆಯ ಕೋರಿನಲ್ಲಿ ಆಡಳಿತದ ಅಧಿಕಾರಿಯಾಗಿ, ಎಂದರೆ ಸಾವಿರಾರು ಸೈನಿಕರಿಗೆ ಹಿಮದ ನೆಲದಲ್ಲಿ ಅಕ್ಕಿ, ಸೀಮೆಎಣ್ಣೆ, ಹೊದಿಕೆ, ಮದ್ದುಗುಂಡುಗಳನ್ನು ತಲುಪಿಸುವ ಕೆಲಸದಲ್ಲಿ, ಕೆಲಕಾಲವಿದ್ದರು. ಅವರ ಪುಸ್ತಕದ ಗುಣವನ್ನು ತಿಳಿಯಬಯಸುವವರು ಈ ಕಡೆಯ ಸಂಗತಿಯನ್ನು ಗಮನಿಸಬೇಕು. ಶೌರ್ಯದ ವರ್ಣನೆಗಿಂತ ಉಗ್ರಾಣದ ಲೆಕ್ಕದಲ್ಲಿ ಅವರ ಲೇಖನಿ ಹೆಚ್ಚು ಹರಿತವಾಗಿರುವುದಕ್ಕೆ ಇದೇ ಕಾರಣವೆಂದು ನನ್ನ ಎಣಿಕೆ.

1950ರಲ್ಲಿ ಅವರು ನೀಲಗಿರಿಯ ವೆಲ್ಲಿಂಗ್ಟನ್ನಿನಲ್ಲಿರುವ ಸ್ಟಾಫ್ ಕಾಲೇಜಿನ ವಿದ್ಯಾರ್ಥಿ. ಅಲ್ಲಿನ ಮುಖ್ಯಸ್ಥರಾಗಿದ್ದವರು, ವಿಂಗೇಟನ ಮರಣಾನಂತರ ಬರ್ಮಾದಲ್ಲಿ ಚಿಂಡಿಟ್ ಪಡೆಯನ್ನು ನಡೆಸಿದ್ದ ಜನರಲ್ ಲೆಂಟೇನ್. ಚೀನೀ ಸೈನ್ಯವು ಟಿಬೆಟ್ಟನ್ನು ಹೊಕ್ಕ ಸುದ್ದಿ ಬಂದ ದಿನಗಳಲ್ಲಿ ಆತನು ಪಾಠ ನಡೆಯುತ್ತಿದ್ದ ಸಭಾಂಗಣಕ್ಕೆ ಬಿರಬಿರನೆ ಬಂದು, ಉಪನ್ಯಾಸಕರನ್ನು ತಡೆದು ನಿಲ್ಲಿಸಿ, ಭಾರತದ ನಾಯಕರು ಕಣ್ಣು ಮುಚ್ಚಿ ಕುಳಿತಿರುವರೆಂದೂ, ಎದುರಿಗಿರುವ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ನಿವೃತ್ತರಾಗುವ ಮುನ್ನ ಚೀನೀಯರೊಡನೆ ಕಾದಬೇಕಾಗಿ ಬರುವುದೆಂದೂ ನುಡಿದನಂತೆ. ಈ ಪ್ರಸಂಗವನ್ನು ದಳವಿಯವರೇ ಬರೆದಿದ್ದಾರೆ. ಭವಿಷ್ಯವಾಣಿಗಳು ಫಲಿಸಿದ ಮೇಲೆ ನೆನಪಾಗುವುದು ಲೋಕರೂಢಿಯಾದುದರಿಂದ ಇಂಥ ಕಥೆಗಳನ್ನು ನಾನು ತುಸು ಅನುಮಾನದಿಂದಲೇ ಓದುತ್ತೇನೆ. ಆದರೆ ಹನ್ನೆರಡು ವರ್ಷಗಳ ತರುವಾಯ ಆ ಸಭಾಂಗಣದಲ್ಲಿ ಕುಳಿತಿದ್ದವನೊಬ್ಬನು ಚೀನೀಯರ ಸೆರೆಯಾಳಾದುದಂತೂ ಸತ್ಯ.

ಆ ಸೆರೆಗೆ ಕಾರಣವಾದ ಕಾಳಗ ನಡೆದದ್ದು ಎಲ್ಲಿ? ಭೂತಾನ, ಟಿಬೆಟ್ಟು, ಭಾರತ ಈ ಮೂರರ ಗಡಿಗಳು ಕೂಡುವ ಮೂಲೆಯಲ್ಲಿ, ಇಂದಿನ ಅರುಣಾಚಲ ಪ್ರದೇಶದ ಪಶ್ಚಿಮದ ತುದಿಯಲ್ಲಿ, ನಾಮ್ಕಾ ಚು ಎಂಬ ಕಿರುನದಿಯೊಂದು ಹರಿಯುತ್ತದೆ. ಅದರ ಉತ್ತರಕ್ಕೆ ಥಾಗ್ಲಾ ಎಂಬ ಎತ್ತರದ ಪರ್ವತಶ್ರೇಣಿ; ದಕ್ಷಿಣಕ್ಕೆ ಹಾತುಂಗ್ ಲಾ ಮೊದಲಾದ, 13,000 ಅಡಿಗೂ ಮೀರಿದ ಕಣಿವೆದಾರಿಗಳು. ನದಿಯನ್ನು ದಾಟಲು ಮರದ ದಿಮ್ಮಿಗಳನ್ನು ಅಡ್ಡ ಹಾಕಿ ಮಾಡಿದ ಸೇತುವೆಗಳಿದ್ದವು. ನಮ್ಮ ಸೈನಿಕರು ಅವಕ್ಕೆ ಒಂದು, ಎರಡು, ಮೂರು ಎಂದು ಸಂಖ್ಯೆಯಿಟ್ಟು ಕರೆಯುತ್ತಿದ್ದರು. ಗಡಿಯುದ್ದಕ್ಕೂ ಠಾಣೆಗಳನ್ನು ಮುಂದಕ್ಕೆ ಹಾಕುವ ಹೊಸ ‘ಮುನ್ನಡೆಯ ನೀತಿ’ಯಂತೆ 1962ರ ಜೂನಿನಲ್ಲಿ ಈ ನದಿಯ ಬಳಿ ಅಸ್ಸಾಂ ರೈಫಲ್ಸಿನ ಚಿಕ್ಕ ಠಾಣೆಯೊಂದು ಸ್ಥಾಪಿತವಾಯಿತು. ಧೋಲಾ ಠಾಣೆಯೆಂದು ಅದರ ಹೆಸರು. ಸೆಪ್ಟೆಂಬರ್ 8ರಂದು ಚೀನೀಯರು ಥಾಗ್ಲಾದಿಂದ ಇಳಿದು ಬಂದು ಅದನ್ನು ಸುತ್ತುವರಿದರು. ಅವರನ್ನು ಹೊರದೂಡಬೇಕೆಂದು ದೆಹಲಿ ನಿಶ್ಚಯಿಸಿತು. ಸೇನಾ ಮುಖ್ಯಸ್ಥ ಜನರಲ್ ಥಾಪರ್ ಅವರಿಗೆ ಈ ಕಾರ್ಯದ ಸಾಧ್ಯತೆಯಲ್ಲಿ ಅಷ್ಟಾಗಿ ನಂಬಿಕೆಯಿರಲಿಲ್ಲವೆಂಬುದು, ಅವರು ಲಿಖಿತ ಆದೇಶವನ್ನು ಬೇಡಿದುದರಿಂದಲೇ ತಿಳಿಯುತ್ತದೆ. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಆಗ ನ್ಯೂಯಾರ್ಕಿನಲ್ಲಿದ್ದರು. ಸೆಪ್ಟೆಂಬರ್ 22ರಂದು ಆ ಆದೇಶಕ್ಕೆ ರುಜು ಹಾಕಿದವರು ಇಲಾಖೆಯ ಜಂಟಿ ಕಾರ್ಯದರ್ಶಿ. ದೇಶವೊಂದು ಯುದ್ಧಕ್ಕೆ ಕಾಲಿಟ್ಟ ಬಗೆ ಇದು.

ಇನ್ನು ಕಾದಬೇಕಾದ ಬ್ರಿಗೇಡಿನ ಸ್ಥಿತಿಯನ್ನು ನೋಡೋಣ. ದಳವಿಯವರ ಗ್ರಂಥದ ಜೀವಾಳವಿರುವುದು ಈ ಭಾಗದಲ್ಲಿಯೇ. ಮೋಟಾರು ರಸ್ತೆ ತವಾಂಗಿನ ಆಸುಪಾಸಿಗೇ ಮುಗಿಯುತ್ತಿದ್ದಿತು. ಅಲ್ಲಿಂದ ಲುಂಪುವಿಗೆ, ಲುಂಪುವಿನಿಂದ ಕಣಿವೆದಾರಿಗಳನ್ನು ಹತ್ತಿಳಿದು ನಾಮ್ಕಾ ಚುವಿಗೆ, ಎಲ್ಲವೂ ಕಾಲ್ನಡಿಗೆ. ಸೈನಿಕರು ಉಟ್ಟಿದ್ದುದು ಬಯಲು ನಾಡಿನ ಹತ್ತಿಯ ಸಮವಸ್ತ್ರ. ಹೊದೆಯಲು ಒಬ್ಬೊಬ್ಬರಿಗೆ ಒಂದೊಂದೇ ಕಂಬಳಿ. ಹೆಗಲಿಗೆ ಹಿಂದಿನ ಮಹಾಯುದ್ಧದ ಕಾಲದ, ಒಂದೊಂದು ಸಲಕ್ಕೂ ಕೈಯಿಂದ ಚಿಲಕವೆಳೆದು ಹೊಡೆಯಬೇಕಾದ ಬಂದೂಕು. ಚೀಲದಲ್ಲಿ ತಲಾ ಐವತ್ತು ಗುಂಡು. ಕಂದಕ ತೋಡಲು ಹಾರೆ ಗುದ್ದಲಿಗಳಿಗೆ ಅಭಾವ, ಮರ ಕಡಿಯಲು ಕೊಡಲಿಗಳಿಗೆ ಅಭಾವ, ತುಕಡಿ ತುಕಡಿಗಳ ನಡುವೆ ಎಳೆಯಲು ಟೆಲಿಫೋನಿನ ತಂತಿಗೂ ಅಭಾವ. ಬೇಕಾದುದನ್ನೆಲ್ಲ ವಿಮಾನದಿಂದ ಇಳಿಬಿಡಬೇಕಾಗಿದ್ದಿತು. ಅದಕ್ಕೆಂದು ಆರಿಸಿದ್ದ ತ್ಸಾಂಗ್‌ಧಾರ್ ಎಂಬ ಎತ್ತರದ ಇಕ್ಕಟ್ಟು ಬಯಲಿನ ಮೇಲೆ ವಿಮಾನಗಳು ಸುತ್ತಿ ಸುತ್ತಿ ಎಸೆದ ಮೂಟೆಗಳಲ್ಲಿ ಬಹುಭಾಗವು ಗಾಳಿಗೆ ಸಿಕ್ಕಿ, ಪ್ಯಾರಾಚೂಟು ಬಿಚ್ಚದೆ, ಅಥವಾ ಬಿಚ್ಚಿಯೂ ದಾರಿತಪ್ಪಿ, ಮನುಷ್ಯರು ಇಳಿಯಲಾಗದ ಕಮರಿಗಳ ಪಾಲಾಗುತ್ತಿದ್ದಿತು. ಕೈಗೆ ದಕ್ಕಿದ್ದನ್ನು ಕಂಡುಹಿಡಿದು, ಹೊತ್ತು, ನದಿಯ ದಡಕ್ಕೆ ಇಳಿಸಬೇಕಾದವರು ಮರುದಿನ ಕಾದಬೇಕಾದ ಸೈನಿಕರೇ. ಆ ಎತ್ತರದಲ್ಲಿ ಬರಿಗೈಯಲ್ಲಿ ನಡೆದರೂ ಉಸಿರು ಕಟ್ಟುತ್ತದೆ.

ದಳವಿಯವರು ಇವೆಲ್ಲವನ್ನೂ ಕಣ್ಣೀರಿಡದೆ, ಜಮಾಖರ್ಚಿನ ಕಡತವನ್ನು ಓದಿ ಹೇಳುವ ಗುಮಾಸ್ತನ ನಿಷ್ಠುರತೆಯಿಂದ ಒಂದೊಂದಾಗಿ ಎಣಿಸುತ್ತ ಹೋಗುತ್ತಾರೆ. ಇಷ್ಟು ಸೈನಿಕರಿಗೆ ದಿನಕ್ಕೆ ಇಷ್ಟು ಸಾಮಗ್ರಿ ಬೇಕು, ಬಂದದ್ದು ಇಷ್ಟು, ದಾಳಿಗೆ ಮುನ್ನ ಕೂಡಿಡಬೇಕಾದದ್ದು ಇನ್ನಷ್ಟು, ಹಿಮ ಬೀಳಲು ಉಳಿದಿರುವ ದಿನಗಳು ಇಷ್ಟೇ. ಈ ಲೆಕ್ಕವನ್ನು ಓದಿ ಮುಗಿಸುವ ಹೊತ್ತಿಗೆ ಓದುಗನಿಗೆ ಯುದ್ಧದ ಫಲಿತಾಂಶವನ್ನು ಬೇರೆಯಾಗಿ ಹೇಳಬೇಕಾಗಿರುವುದಿಲ್ಲ. ಆಧುನಿಕ ಯುದ್ಧವೆಂಬುದು ವೀರನ ಎದೆಗಾರಿಕೆಗಿಂತ ಹೆಚ್ಚಾಗಿ ರಸ್ತೆಯ, ಲಾರಿಯ, ಬೂಟಿನ, ತಂತಿಯ ವ್ಯವಹಾರವೆಂದು ಯುದ್ಧಶಾಸ್ತ್ರದ ಗ್ರಂಥಗಳು ಬಹಳ ಹಿಂದಿನಿಂದಲೂ ಹೇಳುತ್ತ ಬಂದಿರಬಹುದು. ಸಾಮಾನ್ಯ ಓದುಗನಿಗೆ ಅದನ್ನು ಮನಗಾಣಿಸಿದ ಭಾರತೀಯ ಪುಸ್ತಕಗಳಲ್ಲಿ ಇದಕ್ಕೆ ಸಮನಾದುದನ್ನು ನಾನು ಕಂಡಿಲ್ಲ.

ಈ ಕಾರ್ಯ ಆಗತಕ್ಕದ್ದಲ್ಲವೆಂದು ಹೇಳಿದ ಕೋರ್ ನಾಯಕ ಜನರಲ್ ಉಮ್ರಾವ್ ಸಿಂಗ್ ಅವರಿಂದ ಆ ರಂಗದ ಹೊಣೆಯನ್ನು ಬಿಡಿಸಿ, ಅಕ್ಟೋಬರ್ ಮೊದಲ ವಾರದಲ್ಲಿ 4ನೆಯ ಕೋರೆಂಬ ಹೊಸದೊಂದನ್ನು ನಿರ್ಮಿಸಿ, ಅದರ ನಾಯಕತ್ವವನ್ನು ಜನರಲ್ ಬಿ. ಎಂ. ಕೌಲ್ ಅವರಿಗೆ ವಹಿಸಲಾಯಿತು. ಪ್ರಧಾನಿಯ ವಿಶ್ವಾಸ ಪಡೆದಿದ್ದ, ಉತ್ಸಾಹಶಾಲಿಯಾದ, ಆದರೆ ರಣರಂಗದಲ್ಲಿ ಸೇನೆಯನ್ನು ನಡೆಸಿದ ಅನುಭವವಿಲ್ಲದ ಅಧಿಕಾರಿ ಅವರು. ಕೆಲವೇ ದಿನಗಳಲ್ಲಿ ನಾಮ್ಕಾ ಚುವಿಗೆ ಖುದ್ದಾಗಿ ಬಂದರು. ದಾರಿಯ ಕಷ್ಟ ತಾಳಲಾರದೆ ಕೆಲದೂರ ಹಮಾಲನೊಬ್ಬನ ಬೆನ್ನೇರಿ ಬಂದರೆಂಬುದನ್ನು ದಳವಿ ಬರೆಯದೆ ಬಿಟ್ಟಿಲ್ಲ. ಕೌಲರ ಆಜ್ಞೆಯಂತೆ ಪಂಜಾಬ್ ಬೆಟಾಲಿಯನ್ನಿನ ಸಣ್ಣ ತುಕಡಿಯೊಂದು ನದಿ ದಾಟಿ ತ್ಸೆಂಗ್ ಜೋಂಗ್ ಎಂಬಲ್ಲಿ ನೆಲೆನಿಂತಿತು. ಅಕ್ಟೋಬರ್ 10ರ ಬೆಳಗ್ಗೆ ಅದರ ಮೇಲೆ ಹಲವು ಪಟ್ಟು ಹೆಚ್ಚಿನ ಚೀನೀ ಪಡೆ ಎರಗಿತು. ಈಚೆಯ ದಡದಿಂದ ಮೆಷೀನ್ ಗನ್ನುಗಳ ಬೆಂಬಲ ಬೇಕೆಂದು ಆ ತುಕಡಿಯ ಮೇಜರ್ ಕೇಳಿಕೊಂಡನು. ದಳವಿ ಕೊಡಲಿಲ್ಲ, ಕೊಟ್ಟಿದ್ದರೆ ಕಾಳಗವು ಇಡೀ ಸಾಲಿಗೆ ಹಬ್ಬಿ, ಬಯಲಿನಲ್ಲಿ ಚಲಿಸುತ್ತಿದ್ದ ಮಿಕ್ಕ ಪಡೆಗಳು ಆ ದಿನವೇ ನಾಶವಾಗುತ್ತಿದ್ದವೆಂದು ಅವರ ವಾದ. ಆರು ಜನ ಸತ್ತರು. ಉಳಿದವರು ಹಿಂದಿರುಗುವಾಗ ಚೀನೀಯರು ಗುಂಡು ಹಾರಿಸಲಿಲ್ಲ. ಅಷ್ಟೇ ಅಲ್ಲ, ಸತ್ತ ಭಾರತೀಯರನ್ನು ಈಚೆಯ ದಡದವರೆಲ್ಲ ನೋಡುತ್ತಿದ್ದಂತೆಯೇ ಸೈನಿಕ ಮರ್ಯಾದೆಯೊಡನೆ ಮಣ್ಣುಮಾಡಿದರು. ತಮ್ಮವರಿಗೆ ಬೆಂಬಲದ ಗುಂಡನ್ನು ನಿರಾಕರಿಸಬೇಕಾಗಿ ಬಂದ ಅಧಿಕಾರಿ ಆ ಸಂಸ್ಕಾರವನ್ನು ನೋಡುತ್ತ ನಿಂತದ್ದು ಎಂಥ ಮನಸ್ಸಿನಿಂದ ಎಂಬುದನ್ನು ಪುಸ್ತಕವು ಬಿಡಿಸಿ ಹೇಳುವುದಿಲ್ಲ; ಈ ಸಂಯಮಕ್ಕಾಗಿ ನಾನು ಲೇಖಕನಿಗೆ ಕೃತಜ್ಞ.

ಆ ಕಾಳಗದಿಂದ ಕೌಲರ ಭ್ರಮೆ ಹರಿದು ಅವರು ದೆಹಲಿಗೆ ಧಾವಿಸಿದರು. ಆದರೆ ಅಲ್ಲಿ ಆದ ತೀರ್ಮಾನ, ಬ್ರಿಗೇಡು ಇದ್ದಲ್ಲಿಯೇ ನಿಲ್ಲತಕ್ಕದ್ದೆಂದು. 12ರಂದು ಪ್ರಧಾನಿ ನೆಹರೂ ಕೊಲಂಬೊಗೆ ಹೊರಡುವಾಗ, ನಮ್ಮ ನೆಲವನ್ನು ತೆರವುಗೊಳಿಸುವಂತೆ ಸೈನ್ಯಕ್ಕೆ ಹೇಳಲಾಗಿದೆಯೆಂದು ಪತ್ರಕರ್ತರಿಗೆ ತಿಳಿಸಿದರು. 17ರಂದು ಕಾಯಿಲೆಬಿದ್ದ ಕೌಲರು ದೆಹಲಿ ಸೇರಿ, ಹಾಸಿಗೆಯಿಂದಲೇ ಆಜ್ಞೆ ನೀಡತೊಡಗಿದರು. ನದಿಯ ಆಚೆಗೆ ಚೀನೀಯರು ಹಗಲಿನಲ್ಲಿಯೇ ಸಿದ್ಧತೆ ನಡೆಸುತ್ತಿದ್ದುದನ್ನು ಕಂಡ ದಳವಿ, ಹಿಂದೆಗೆಯಲು ಅನುಮತಿಯಿಲ್ಲವಾದರೆ ರಾಜೀನಾಮೆ ಕೊಡುವುದಾಗಿ 19ರಂದು ಟೆಲಿಫೋನಿನಲ್ಲಿ ಡಿವಿಜನ್ ನಾಯಕ ಜನರಲ್ ನಿರಂಜನ ಪ್ರಸಾದರಿಗೆ ಹೇಳಿದರು. ಅಷ್ಟರಲ್ಲಿ ಕಾಲ ಮಿಂಚಿದ್ದಿತು.

20ರ ನಸುಕಿನಲ್ಲಿ ಥಾಗ್ಲಾದ ಇಳಿಜಾರಿನಿಂದ ಫಿರಂಗಿಗಳು ಗರ್ಜಿಸಿದವು. ಮಳೆಗಾಲದ ನೀರಿಳಿದು ನದಿಯನ್ನು ಎಲ್ಲಿ ಬೇಕಾದರೂ ದಾಟಬಹುದಾಗಿದ್ದುದರಿಂದ, ಅಷ್ಟು ಜೋಪಾನದಿಂದ ಕಾದಿದ್ದ ಸೇತುವೆಗಳಿಗೆ ಯಾವ ಅರ್ಥವೂ ಉಳಿದಿರಲಿಲ್ಲ. ಚೀನೀಯರು ರಾತ್ರಿಯೇ ನದಿ ದಾಟಿ, ತುಕಡಿಗಳ ನಡುವಣ ತೆರಪುಗಳಲ್ಲಿ ನುಸುಳಿ, ಮೇಲಿನ ಕಾಡಿನಲ್ಲಿ ಅಡಗಿದ್ದು, ಫಿರಂಗಿಯ ಸದ್ದು ನಿಂತೊಡನೆ ಹಿಂದಿನಿಂದ ಇಳಿದು ಬಂದರು. ಟೆಲಿಫೋನಿನ ತಂತಿಗಳು ಕಡಿದುಹೋದವು. ಬ್ರಿಗೇಡಿನ ರಜಪೂತರೂ ಗೂರ್ಖರೂ ಕೈಯಲ್ಲಿದ್ದ ಗುಂಡು ತೀರುವವರೆಗೆ ಕಾದಿದರು. ಕೆಲವೇ ಗಂಟೆಗಳಲ್ಲಿ ಎಲ್ಲವೂ ಮುಗಿದುಹೋಯಿತು. 2ನೆಯ ರಜಪೂತ್ ಬೆಟಾಲಿಯನ್ನಿನಲ್ಲಿ ಆ ದಿನ ನದಿಯ ಬಳಿಯಿದ್ದ 513 ಜನರಲ್ಲಿ 282 ಜನ ಸತ್ತರು. ಉಳಿದವರನ್ನು ಕೂಡಿಸಿಕೊಳ್ಳುವ ಆಸೆಯಿಂದ ಕೆಲವರೊಡನೆ ಬೆಟ್ಟ ಕಾಡುಗಳಲ್ಲಿ ಅಲೆದ ದಳವಿಯವರು 22ರಂದು ಚೀನೀಯರ ಕೈಗೆ ಸಿಕ್ಕಿದರು.

ಸೆರೆಯಲ್ಲಿ ಅವರನ್ನು ಒಂಟಿಯಾಗಿ ಇಟ್ಟಿದ್ದರು. ನವೆಂಬರ್ 21ರ ರಾತ್ರಿ ಕಾವಲಿನ ಚೀನೀ ಮೇಜರನು ಅವರನ್ನು ಎಬ್ಬಿಸಿ ಸಂಭ್ರಮದಿಂದ, ಯುದ್ಧ ಮುಗಿಯಿತೆಂದೂ, ಗೆದ್ದ ನೆಲದಿಂದ ಚೀನಾ ತಾನಾಗಿ ಹಿಂದೆಗೆಯುತ್ತಿರುವುದೆಂದೂ, ಸಮರ್ಥರಾರೆಂಬುದು ಈಗ ತೋರಿಹೋಗಿದೆಯೆಂದೂ ಸುದ್ದಿ ತಿಳಿಸಿದನಂತೆ. ಗೆದ್ದವನು ಕಸಿದುಕೊಂಡರೆ ಸೋತವನಿಗೆ ರೋಷವಾದರೂ ಉಳಿಯುತ್ತದೆ. ಗೆದ್ದು ಬಿಸುಟು ಹೋದರೆ ಆ ಸಮಾಧಾನವೂ ಇಲ್ಲ. ಪುಸ್ತಕ ಹುಟ್ಟಿದ್ದು ಆ ರಾತ್ರಿಯೆಂದು ಅವರೇ ಹೇಳಿಕೊಂಡಿದ್ದಾರೆ. 1963ರ ಮೇ ತಿಂಗಳಲ್ಲಿ ಬಿಡುಗಡೆಯಾಗಿ ಭಾರತದ ನೆಲಕ್ಕೆ ಇಳಿದಾಗ ಎದುರಾದುದು ಕ್ರಮಪ್ರಕಾರದ, ಆದರೆ ತಣ್ಣಗಿನ ಸ್ವಾಗತ. ಸೆರೆಯಾಳುಗಳ ಮನಸ್ಸನ್ನು ಚೀನೀಯರು ಕೆಡಿಸಿರಬಹುದೆಂಬ ಶಂಕೆಯಿಂದ ಅವರು ಮೊದಲು ವಿಚಾರಣೆಯನ್ನು ಎದುರಿಸಬೇಕಾಯಿತು. ಸರಕಾರದ ಅಂಕಿಗಳ ಪ್ರಕಾರ ಆ ಯುದ್ಧದಲ್ಲಿ ಸತ್ತವರು 1,383, ಕಾಣೆಯಾದವರು 1,696, ಸೆರೆಸಿಕ್ಕವರು 3,968. ಮೂರನೆಯ ಅಂಕಿಯವರ ಮಾತನ್ನು ಕೇಳುವವರು ಆಗ ಹೆಚ್ಚಾಗಿರಲಿಲ್ಲ.

ಬರ್ಮಾದಲ್ಲಿ ದಳವಿಯವರ ಮಹಾನಾಯಕನಾಗಿದ್ದ ಜನರಲ್ ಸ್ಲಿಮ್ 1956ರಲ್ಲಿ ತನ್ನ ಪ್ರಸಿದ್ಧ ಗ್ರಂಥವನ್ನು ಬರೆದನು. ಅದೂ ಸೋಲಿನಿಂದಲೇ ತೊಡಗುತ್ತದೆ. 1942ರಲ್ಲಿ ಬರ್ಮಾದಿಂದ ಹಿಮ್ಮೆಟ್ಟಿದ ಕಥೆಯನ್ನೂ ತಾನು ಮಾಡಿದ ತಪ್ಪುಗಳನ್ನೂ ಸ್ಲಿಮ್ ನಿಸ್ಸಂಕೋಚವಾಗಿ ಒಪ್ಪಿಕೊಳ್ಳುತ್ತಾನೆ. ಆದರೆ ಮುಂದೆ ಗೆದ್ದವನಿಗೆ ಹಿಂದಿನ ಸೋಲನ್ನು ಒಪ್ಪಿಕೊಳ್ಳುವುದು ಕಷ್ಟವಲ್ಲ. ದಳವಿಯವರಿಗೆ ಗೆಲುವಿನ ಆ ಉತ್ತರಾರ್ಧವೇ ದಕ್ಕಲಿಲ್ಲ. ಆದುದರಿಂದಲೇ ಅವರ ಗದ್ಯದಲ್ಲಿ ಸ್ಲಿಮ್‌ನ ಪ್ರಸನ್ನತೆಯಿಲ್ಲ. ನ್ಯಾಯಾಲಯದಲ್ಲಿ ನಿಂತವನ ಆವೇಗವಿದೆ. ನೆಹರೂ, ಮೆನನ್, ಕೌಲ್ ಇವರ ವಿಷಯ ಬಂದಲ್ಲೆಲ್ಲ ವಾಕ್ಯಗಳು ಕಾವೇರುತ್ತವೆ. ಒಂದೇ ಆಪಾದನೆ ಬೇರೆ ಬೇರೆ ಅಧ್ಯಾಯಗಳಲ್ಲಿ ಮರಳಿ ಬರುತ್ತದೆ. ಆಗಿಹೋದುದರ ಬೆಳಕಿನಲ್ಲಿ ಹಿಂದಿನವರ ತೀರ್ಮಾನಗಳನ್ನು ತೂಗುವ ದೋಷದಿಂದಲೂ ಪುಸ್ತಕವು ಮುಕ್ತವಲ್ಲ. 1914ರಲ್ಲಿ ನಕ್ಷೆಯ ಮೇಲೆ ದಪ್ಪನಾಗಿ ಎಳೆದ ಮ್ಯಾಕ್‌ಮಹೋನ್ ರೇಖೆಯು ಆ ಮೂಲೆಯಲ್ಲಿ ಥಾಗ್ಲಾಕ್ಕಿಂತ ದಕ್ಷಿಣಕ್ಕೆ ಬೀಳುತ್ತದೆ; ಗಡಿಯು ನೀರು ಇಬ್ಬದಿಗೆ ಹರಿಯುವ ಶ್ರೇಣಿಯ ನೆತ್ತಿಯಲ್ಲಿ ಸಾಗತಕ್ಕದ್ದೆಂಬುದು ಭಾರತದ ವಾದ, ನಕ್ಷೆಯಂತೆ ಧೋಲಾ ತನ್ನ ನೆಲವೆಂಬುದು ಚೀನದ ವಾದ. ಇದನ್ನು ಮರೆತು ಓದುವವರಿಗೆ ಯುದ್ಧದ ಮೂಲವು ಮೂವರು ವ್ಯಕ್ತಿಗಳ ಅವಿವೇಕವಷ್ಟೇ ಎಂದು ತೋರುವ ಅಪಾಯವಿದೆ; ಅಂಥ ಓದುಗರನ್ನು ನಾನು ಸಾಕಷ್ಟು ಕಂಡಿದ್ದೇನೆ.

ಕೊಡಗಿನವರಾದ ಜನರಲ್ ತಿಮ್ಮಯ್ಯನವರ ವಿಷಯದಲ್ಲಿ ಮಾತ್ರ ದಳವಿಯವರದು ಅಖಂಡ ಗೌರವ. ಸೇನಾ ಮುಖ್ಯಸ್ಥರಾಗಿದ್ದ ತಿಮ್ಮಯ್ಯನವರು 1959ರಲ್ಲಿ ಮೆನನ್‌ರೊಡನೆ ಹೊಂದಲಾರದೆ ರಾಜೀನಾಮೆಯಿತ್ತು, ನೆಹರೂ ಅವರ ಒತ್ತಾಯಕ್ಕೆ ಮಣಿದು ಹಿಂದೆಗೆದುಕೊಂಡದ್ದೂ, ನಿವೃತ್ತಿಯ ಬಳಿಕ, 1962ರ ಜುಲೈಯಲ್ಲಿ, ‘ಸೆಮಿನಾರ್’ ಪತ್ರಿಕೆಯಲ್ಲಿ ಚೀನದೊಡನೆ ನೇರವಾದ ಯುದ್ಧವನ್ನು ನಮ್ಮ ಸೈನ್ಯ ನೆಚ್ಚಿಕೊಳ್ಳುವಂತಿಲ್ಲ, ಅದನ್ನು ರಾಜತಂತ್ರಜ್ಞರೇ ನಿಭಾಯಿಸತಕ್ಕದ್ದೆಂದು ಬರೆದದ್ದೂ ದಾಖಲೆಯಲ್ಲಿವೆ. ನಾಮ್ಕಾ ಚುವಿನ ದುರಂತಕ್ಕೆ ಆಗ ಇನ್ನು ಮೂರು ತಿಂಗಳಿದ್ದಿತು.

ಈ ಯುದ್ಧದ ಒಂದು ವಿಶೇಷವೆಂದರೆ, ಗುಂಡುಗಳು ನಿಂತ ಮೇಲೆ ಪುಸ್ತಕಗಳು ಹಾರತೊಡಗಿದುದು. ಕೌಲರು 1967ರಲ್ಲಿಯೇ ತಮ್ಮ ಪಕ್ಷದ ಕಥೆಯನ್ನು ಪ್ರಕಟಿಸಿದ್ದರು. ದಳವಿಯವರ ಪುಸ್ತಕ ಬಂದ ಮಾರನೆಯ ವರ್ಷ ಬ್ರಿಟಿಷ್ ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್ಲನ ಗ್ರಂಥ ಬಂದು ದೋಷವನ್ನೆಲ್ಲ ಭಾರತದ ಮೇಲೆಯೇ ಹೊರಿಸಿತು. ಗೂಢಚಾರ ಇಲಾಖೆಯ ಮುಖ್ಯಸ್ಥರಾಗಿದ್ದ ಮಲ್ಲಿಕ್ 1971ರಲ್ಲಿ, ನಿರಂಜನ ಪ್ರಸಾದರು 1981ರಲ್ಲಿ, ಸೇನಾ ಕೇಂದ್ರ ಕಚೇರಿಯಲ್ಲಿದ್ದ ಪಾಲಿತ್ 1991ರಲ್ಲಿ ಬರೆದರು. ಒಬ್ಬೊಬ್ಬರ ಪುಸ್ತಕದಲ್ಲಿಯೂ ತಪ್ಪು ಮಾಡಿದವರು ಬೇರೆಯವರೇ. ಇವರೆಲ್ಲರ ನಡುವೆ ನಿರ್ಣಯ ಹೇಳಬೇಕಾಗಿದ್ದ ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ ಅವರ ಸೈನಿಕ ವಿಚಾರಣೆಯ ವರದಿಯು 1963ರಲ್ಲಿಯೇ ಸಿದ್ಧವಾದರೂ ಸರಕಾರವು ಅದನ್ನು ಹೊರಗೆಡಹಲಿಲ್ಲ. 2014ರಲ್ಲಿ ಮ್ಯಾಕ್ಸ್‌ವೆಲ್ ತನ್ನ ಬಳಿಯಿದ್ದ ಭಾಗವನ್ನು ಬಹಿರಂಗಪಡಿಸಿದಾಗಲೇ ಜನರಿಗೆ ಅದರ ಬಹುಭಾಗವು ಓದಸಿಕ್ಕಿದ್ದು. ದಳವಿಯವರು ಅದನ್ನು ಕಾಣಲಿಲ್ಲ. 1974ರಲ್ಲಿಯೇ ಅವರು ತೀರಿಕೊಂಡಿದ್ದರು. ಸರಕಾರವೇ ಬಾಯಿ ಬಿಡದಿದ್ದಾಗ ಸಾಕ್ಷಿಯೊಬ್ಬನ ಹೇಳಿಕೆಗೆ ಅದರ ನಿಜವಾದ ಬೆಲೆಗಿಂತ ಹೆಚ್ಚಿನ ಬೆಲೆ ಬರುವುದು ಸಹಜ. ‘ಹಿಮಾಲಯನ್ ಬ್ಲಂಡರ್’ ಅನೇಕರಿಗೆ ಸಾಕ್ಷ್ಯವಾಗದೆ ತೀರ್ಪೇ ಆಗಿಬಿಟ್ಟಿರುವುದಕ್ಕೆ ಲೇಖಕನಿಗಿಂತ ಆ ಬೀಗಮುದ್ರೆಯೇ ಹೆಚ್ಚು ಹೊಣೆ.

ಹೊಸದಾಗಿ ಓದುವವರಿಗೆ ನನ್ನದೊಂದು ಸಲಹೆಯುಂಟು. ಟಿಬೆಟ್ಟಿನ ನೀತಿ, ದೆಹಲಿಯ ರಾಜಕಾರಣ ಇವುಗಳ ದೀರ್ಘ ಚರ್ಚೆಯಿರುವ ಮೊದಲ ಭಾಗಗಳಲ್ಲಿ ಅನೇಕರು ದಣಿದು ಪುಸ್ತಕವನ್ನು ಕೆಳಗಿಡುತ್ತಾರೆ. ಅವನ್ನು ಆಮೇಲೆ ಓದಿದರೂ ನಡೆದೀತು. ಮೊದಲು ಧೋಲಾ ಠಾಣೆಯನ್ನು ಮುತ್ತಿದ ಸೆಪ್ಟೆಂಬರಿನಿಂದ ತೊಡಗಿ ಅಕ್ಟೋಬರ್ 20ರವರೆಗಿನ ಪುಟಗಳನ್ನು, ಪಕ್ಕದಲ್ಲಿ ತವಾಂಗ್ ಜಿಲ್ಲೆಯ ಒಳ್ಳೆಯ ನಕ್ಷೆಯೊಂದನ್ನು ಬಿಚ್ಚಿಟ್ಟುಕೊಂಡು, ಲುಂಪುವಿನಿಂದ ಹಾತುಂಗ್ ಲಾಕ್ಕೆ, ಅಲ್ಲಿಂದ ನದಿಗೆ ಬೆರಳಿಟ್ಟು ಸಾಗುತ್ತ ಓದಬೇಕು. ಅನಂತರ ಕೌಲರ ಪುಸ್ತಕದಲ್ಲಿ ಇದೇ ದಿನಗಳ ವೃತ್ತಾಂತವನ್ನು ನೋಡುವುದು ಒಳ್ಳೆಯದು. ಒಂದೇ ನದಿಯ ದಡದಲ್ಲಿ ಒಂದೇ ಬೆಳಗ್ಗೆ ನಿಂತಿದ್ದ ಇಬ್ಬರು ಅಧಿಕಾರಿಗಳು ಕಂಡದ್ದರಲ್ಲಿ ಯಾವುದು ಕೂಡುತ್ತದೆ, ಯಾವುದು ಕೂಡುವುದಿಲ್ಲವೆಂಬುದನ್ನು ಓದುಗನೇ ಅಂಚಿನಲ್ಲಿ ಗುರುತು ಹಾಕಿಕೊಳ್ಳಬಹುದು.